ಬೋಣಿ ಹೊತ್ತಿನಲ್ಲಿ ಚೌಕಾಸಿ ಬೇಡ

ಹೋದ ಸಂಚಿಕೆಯಲ್ಲಿ ನಮ್ಮೂರ ಸಂತೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಅಷ್ಟೇ. ಪ್ರಶ್ನೆಗಳ ರಾಶಿಯೇ ಬಂದು ಬಿದ್ದಿದೆ. 'ನಮ್ಮೂರು' ಅಂದರೆ ಈಗ ವಿಯೆಟ್ನಾಮಿನ ನ್ಯಾ ಚಾಂಗ್. ನಕ್ಷೆ ನೋಡಿದವರು 'ನ್ಹಾ ತ್ರಾಂಗ್' ಅಂತ ಓದುತ್ತಾರೆ, ಇಲ್ಲಿಯವರ ಬಾಯಲ್ಲಿ ಅದು ಚಾಂಗ್. ಖಾನ್ ಹ್ವಾ ಪ್ರಾಂತ್ಯದ ಕಡಲೂರು. ಗಂಡನ ಕೆಲಸಕ್ಕೆಂದು ಬಂದು ಆರು ವರ್ಷವಾಯಿತು. ನಾನು ಹುಟ್ಟಿದ್ದು ಕುಂದಾಪುರದ ಕಡೆ. ಹಾಗಾಗಿ ಮೀನು ಮಾರ್ಕೆಟ್ಟಿನಲ್ಲಿ ಮೂಗು ಮುಚ್ಚಿಕೊಳ್ಳುವವಳಲ್ಲ.

ಬೇಸಿಗೆ ರಜೆಗೆ ನ್ಯಾ ಚಾಂಗ್‌ಗೆ ಬರುತ್ತಿದ್ದೇವೆ. ಅಲ್ಲಿ ಏನೇ ಹೇಳಿದರೂ ಅರ್ಧ ಬೆಲೆಗೆ ಕೇಳಬೇಕು ಅಂತ ಸ್ನೇಹಿತರು ಹೇಳುತ್ತಾರೆ. ನಿಜವೇ? ಯಾವ ಮಾರ್ಕೆಟ್ಟಿಗೆ ಹೋಗೋದು ಒಳ್ಳೆಯದು?
*ಒಬ್ಬ ಓದುಗರು, ಹುಬ್ಬಳ್ಳಿ*

ಮೊದಲು ಮಾರ್ಕೆಟ್ಟಿನ ವಿಷಯ. ಮಾರ್ಕೆಟ್ಟಿಗೆ ಇಲ್ಲಿ 'ಚೋ' ಅಂತಾರೆ. ದೊಡ್ಡದು ಚೋ ದಮ್. 'ದಮ್' ಅಂದರೆ ಹಿನ್ನೀರಿನ ಕೆರೆ. ಇದ್ದ ಕೆರೆಯನ್ನು ಮುಚ್ಚಿ ಅದರ ಮೇಲೆ ಸಂತೆ ಕಟ್ಟಿದರು, ಹೆಸರು ಮಾತ್ರ ಉಳಿಯಿತು. ನಮ್ಮ ಬೆಂಗಳೂರಿನಲ್ಲೂ ಇಂಥ ಕೆರೆಗಳು ಎಷ್ಟಿವೆ ಅಲ್ವಾ! ಪ್ರವಾಸಿಗಳ ಬಸ್ಸು ನಿಲ್ಲೋದು ಅಲ್ಲೇ. ಒಣಮೀನು, ಮುತ್ತಿನ ಸರ, ಟೋಪಿ ಎಲ್ಲಾ ಸಿಗುತ್ತವೆ. ಊರಿನ ಹೆಂಗಸರು ದಿನಸರಿ ತರಕಾರಿಗೆ ಹೋಗೋದು ಸೋಮ್ ಮೊಯ್ ಸಂತೆಗೆ. ಆ ಹೆಸರಿನ ಅರ್ಥ 'ಹೊಸ ಕೇರಿ'. ನಾನು ಹೋಗುವುದೂ ಅಲ್ಲಿಗೇ. ಒಂದು ದಿನ ಇಲ್ಲಿ, ಒಂದು ದಿನ ಅಲ್ಲಿ ಹೋಗಿ ನೋಡಿ. ಎರಡೂ ಬೇರೆ ಬೇರೆ ಲೋಕ.

ಈಗ ಚೌಕಾಸಿ. ನಾನು ಬಂದ ಎರಡನೇ ತಿಂಗಳು. ಬೆಳಿಗ್ಗೆ ಆರು ಗಂಟೆಗೇ ಸೋಮ್ ಮೊಯ್‌ಗೆ ಹೋದೆ. ಒಬ್ಬಾಕೆ ಆಗಷ್ಟೇ ಬುಟ್ಟಿ ಇಳಿಸಿ ಮಾವಿನಹಣ್ಣು ಜೋಡಿಸುತ್ತಿದ್ದಳು. ಕಾಮ್ ಲಮ್ ಕಡೆಯ ಹಣ್ಣು, ಈ ಪ್ರಾಂತ್ಯದ ಹೆಸರಾಂತ ಮಾವು. ಬೆಲೆ ಕೇಳಿದೆ. ಹೇಳಿದಳು. ನಿಮ್ಮ ಸ್ನೇಹಿತರ ಥರದವರೇ ನನಗೂ ಪಾಠ ಹೇಳಿಕೊಟ್ಟಿದ್ದರು ನೋಡಿ, ಅರ್ಧಕ್ಕೆ ಕೇಳಿದೆ. ಒಂದೆರಡು ಹಣ್ಣು ಒತ್ತಿ ನೋಡಿದೆ, ಮೂಸಿದೆ, ಸುಮ್ನೆ ಮುಂದಕ್ಕೆ ಹೋದೆ. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಹಿಂದೆ ಸುಟ್ಟ ವಾಸನೆ. ತಿರುಗಿ ನೋಡಿದರೆ ಆಕೆ ಕಾಗದದ ಚೂರಿಗೆ ಬೆಂಕಿ ಹಚ್ಚಿ, ಬುಟ್ಟಿಯ ಸುತ್ತ, ತಕ್ಕಡಿಯ ಮೇಲೆ, ಕೊನೆಗೆ ತನ್ನ ಸುತ್ತಲೂ ನಿವಾಳಿಸುತ್ತಿದ್ದಾಳೆ. ಸೊಳ್ಳೆ ಓಡಿಸುತ್ತಿರಬೇಕು ಅಂದುಕೊಂಡೆ.

ಸಂಜೆ ಪಕ್ಕದ ಮನೆಯಾಕೆಗೆ ಹೇಳಿದರೆ ಹೊಟ್ಟೆ ಹಿಡಿದು ನಕ್ಕಳು. "ಸೊಳ್ಳೆ ಅಲ್ಲ, ನಿನ್ನನ್ನೇ ಓಡಿಸಿದ್ದು!" ದಿನದ ಮೊದಲ ವ್ಯಾಪಾರಕ್ಕೆ ಇಲ್ಲಿ 'ಮೋ ಹಾಂಗ್' ಅಂತಾರೆ. ಮೊದಲ ಗಿರಾಕಿ ಬೆಲೆ ಕೇಳಿ, ಚೌಕಾಸಿ ಮಾಡಿ, ಬರಿಗೈಲಿ ಹೋದರೆ ಇಡೀ ದಿನ ವ್ಯಾಪಾರ ಕೆಟ್ಟಿತು ಅಂತ ನಂಬಿಕೆ. ಆ ಅಪಶಕುನಕ್ಕೆ 'ಫೋಂಗ್ ಲೋಂಗ್' ಅಂತ ಹೆಸರು. ಕಾಗದ ಸುಟ್ಟು ನಿವಾಳಿಸಿ ಅದನ್ನು ಕಳೆಯಬೇಕು.

ನನಗೆ ನಾಚಿಕೆಯಾಯಿತು. ಬೋಣಿ ಗೊತ್ತಿಲ್ಲದವಳಾ ನಾನು? ಬೋಣಿ ಆಗದೆ ಅಂಗಡಿಗೆ ಹೋಗಿ ಚಿಲ್ಲರೆ ಕೇಳಿದರೂ ಬೈಯುತ್ತಿದ್ದಳು ನನ್ನ ಅಜ್ಜಿ. ಸಮುದ್ರ ದಾಟಿದ ಕೂಡಲೇ ಎಲ್ಲಾ ಮರೆತಿದ್ದೆ. ಮರುದಿನ ಅದೇ ಹೊತ್ತಿಗೆ ಹೋಗಿ, ಒಂದು ಮಾತಾಡದೆ ಎರಡು ಕಿಲೋ ಮಾವು ಕೊಂಡೆ. ಆಕೆ ನನ್ನ ಮುಖ ನೋಡಿದಳು, ನೋಟು ನೋಡಿದಳು, ಆ ನೋಟನ್ನು ಹಣ್ಣಿನ ಮೇಲೆಲ್ಲಾ ಸವರಿದಳು. ಆವತ್ತು ಮಾಲು ಬೇಗ ಖಾಲಿಯಾಯಿತಂತೆ. ಅಂದಿನಿಂದ ನನ್ನ ಕೈಗುಣ ಒಳ್ಳೆಯದು ಅಂತ ತೀರ್ಮಾನ ಆಗಿಬಿಟ್ಟಿದೆ. ಈಗ ಬೇಡ ಅಂದರೂ ಕರೆದು ಒಂದು ಹಣ್ಣು ಕೊಳ್ಳಲು ಹೇಳುತ್ತಾಳೆ. ಮಾವಿನ ಕಾಲ ಬಂತೆಂದರೆ ನಮ್ಮ ಮನೆಯಲ್ಲಿ ದಿನಾ ಸೀಕರಣೆ.

ಆದ್ದರಿಂದ ಬೆಳಿಗ್ಗೆ ಎಂಟರ ಒಳಗೆ ಹೋದರೆ ಕೊಳ್ಳುವ ಮನಸ್ಸಿದ್ದರೆ ಮಾತ್ರ ಬೆಲೆ ಕೇಳಿ. ಚೌಕಾಸಿಯ ಚಟ ಇದ್ದರೆ ಒಂಬತ್ತರ ಮೇಲೆ. ಸೊಪ್ಪು, ತರಕಾರಿಗೆ ಚೌಕಾಸಿ ಬೇಡವೇ ಬೇಡ. ಒಂದು ಕಟ್ಟು ಕೊತ್ತಂಬರಿಯಲ್ಲಿ ಎಷ್ಟು ಉಳಿಸ್ತೀರಿ? ಪ್ರವಾಸಿ ಅಂಗಡಿಗಳಲ್ಲಿ ಬಟ್ಟೆ, ಚೀಲ, ಒಣಮೀನಿಗೆ ಕೇಳಿ. ನಗುತ್ತಾ "ಮಾಕ್ ಕ್ವಾ" ಅನ್ನಿ, ಜಾಸ್ತಿ ಆಯ್ತು ಅಂತ ಅರ್ಥ. ಮುಖ ಗಂಟು ಹಾಕಿಕೊಂಡರೆ ಒಂದು ಪೈಸೆಯೂ ಇಳಿಯೋದಿಲ್ಲ. ಅರ್ಧಕ್ಕೆ ಕೇಳೋದು ಸುಮ್ನೆ ಅವಮಾನ. ಕಾಲು ಭಾಗ ಇಳಿದರೆ ಗೆದ್ದ ಹಾಗೆ.

ಅಲ್ಲಿಯ ನೋಟಿನಲ್ಲಿ ಸೊನ್ನೆಗಳೇ ಜಾಸ್ತಿ ಅಂತೆ. ಲೆಕ್ಕ ಹೇಗೆ ಇಡ್ತೀರಿ?
*ಒಬ್ಬ ಓದುಗರು, ತುಮಕೂರು*

ನಮ್ಮ ಒಂದು ರೂಪಾಯಿಗೆ ಸುಮಾರು 300 ಡಾಂಗ್. ಸಂತೆಯಲ್ಲಿ ಕೊನೆಯ ಮೂರು ಸೊನ್ನೆಯನ್ನು ಯಾರೂ ಬಾಯಿಬಿಟ್ಟು ಹೇಳೋದಿಲ್ಲ. 'ಐವತ್ತು' ಅಂದರೆ 50,000. ಅಂದರೆ ನೂರ ಅರವತ್ತು ಎಪ್ಪತ್ತು ರೂಪಾಯಿ. ನಾಣ್ಯ ಚಲಾವಣೆಯಲ್ಲಿಲ್ಲ, ಎಲ್ಲಾ ನೋಟೇ.

ತೊಂದರೆ ಇರೋದು ನೀಲಿ ಬಣ್ಣದಲ್ಲಿ. 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ. ಎರಡರ ಮೇಲೂ ಹೋ ಚಿ ಮಿನ್ ಅವರ ಮುಖ. ಒಂದು ಸಲ ಮೂರು ಹಾಗಲಕಾಯಿಗೆ ದೊಡ್ಡ ನೋಟು ಕೊಟ್ಟು, ಚಿಲ್ಲರೆಗೂ ಕಾಯದೆ ಹೊರಟುಬಿಟ್ಟಿದ್ದೆ. ಸಾವಿರದ ಆರುನೂರು ರೂಪಾಯಿ ಚಿಲ್ಲರೆಯ ಹಾಗಲಕಾಯಿ! ಆ ಅಜ್ಜಿ ಚಪ್ಪಲಿ ಇಲ್ಲದೆ ಓಡಿಬಂದು ತೋಳು ಹಿಡಿದು ನಿಲ್ಲಿಸಿ ವಾಪಸ್ ಕೊಟ್ಟರು. ಇನ್ನೊಂದು ಸಲ, ಇನ್ನೊಂದು ಕಡೆ ಯಾರೂ ಓಡಿಬರಲಿಲ್ಲ. ಈಗ ದೊಡ್ಡ ನೋಟುಗಳಿಗೆ ಪರ್ಸಿನಲ್ಲಿ ಬೇರೆ ಖಾನೆ.

ಸೊಪ್ಪಿನವಳ ಬುಟ್ಟಿಗೂ ಕ್ಯೂಆರ್ ಚೀಟಿ ನೇತಾಡುತ್ತಿರುತ್ತದೆ. ಅದು ಹೆಚ್ಚಾಗಿ ಇಲ್ಲಿಯ ಬ್ಯಾಂಕ್ ಖಾತೆ ಇರುವವರಿಗೆ. ನೀವು ನಗದು ಇಟ್ಟುಕೊಳ್ಳಿ.

ಅಮ್ಮ ಕಟ್ಟಾ ಸಸ್ಯಾಹಾರಿ. ಸಂತೆಯಲ್ಲಿ ಅವರು ತಿನ್ನೋ ಹಾಗೆ ಏನಾದರೂ ಇರುತ್ತಾ?
*ಒಬ್ಬ ಓದುಗರು, ದಾವಣಗೆರೆ*

ಇರುತ್ತದೆ, ಆದರೆ ಒಂದು ಪದ ಕಲಿತು ಬನ್ನಿ: 'ಚಾಯ್'. ಟೀ ಅಲ್ಲ, ಸಸ್ಯಾಹಾರ ಅಂತ ಅರ್ಥ. "ತೋಯ್ ಆನ್ ಚಾಯ್" ಅಂದರೆ ನಾನು ಸಸ್ಯಾಹಾರಿ. ಸುಮ್ನೆ 'ಮಾಂಸ ಬೇಡ' ಅಂದರೆ ಸಾಲದು. ಇಲ್ಲಿ ಮೀನಿನ ರಸ, ಅಂದರೆ 'ನ್ಯುಕ್ ಮಾಮ್', ನಮ್ಮ ಉಪ್ಪಿನ ಹಾಗೆ. ಸಣ್ಣ ಮೀನಿಗೆ ಉಪ್ಪು ಬೆರೆಸಿ ತಿಂಗಳುಗಟ್ಟಲೆ ಪೀಪಾಯಿಯಲ್ಲಿ ಇಟ್ಟು ಇಳಿಸಿದ ರಸ. ಬರೀ ತರಕಾರಿ ಪಲ್ಯಕ್ಕೂ ಎರಡು ಚಮಚ ಬಿದ್ದಿರುತ್ತದೆ. 'ಚಾಯ್' ಅಂದರೆ ಅದನ್ನೂ ಬಿಡುತ್ತಾರೆ.

ಬರುವ ದಿನ ನಿಮ್ಮ ಕೈಯಲ್ಲಿದ್ದರೆ ಹುಣ್ಣಿಮೆ, ಅಮಾವಾಸ್ಯೆ ನೋಡಿಕೊಂಡು ಬನ್ನಿ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಇಲ್ಲಿ ತುಂಬಾ ಜನ ಮಾಂಸ, ಮೀನು ಮುಟ್ಟೋದಿಲ್ಲ. ಆವತ್ತು ಸಂತೆಯಲ್ಲಿ ಚಾಯ್ ಅಡುಗೆಯ ಗಾಡಿಗಳು ಜಾಸ್ತಿ. ಉಳಿದ ದಿನ ಬೆಳಿಗ್ಗೆ 'ಸೋಯ್' ಕೇಳಿ. ಅಂಟು ಅಕ್ಕಿಯ ಅನ್ನ, ಹೆಸರುಬೇಳೆ, ಮೇಲೆ ಎಳ್ಳು ಶೇಂಗಾ ಪುಡಿ. ಖಾರ ಇಲ್ಲದ ನಿಮ್ಮ ಶೇಂಗಾ ಚಟ್ನಿಪುಡಿ ಅಂದುಕೊಳ್ಳಿ. ಮೇಲೆ ಮಾಂಸದ ಎಳೆ ಉದುರಿಸದಂತೆ ಕಣ್ಣಿಟ್ಟಿರಿ. ಮಧ್ಯಾಹ್ನ 'ಚೆ' ಸಿಗುತ್ತದೆ, ಹೆಸರುಬೇಳೆ, ತೆಂಗಿನಹಾಲಿನ ಪಾಯಸದಂಥದ್ದು. ನನ್ನ ಅತ್ತೆ ಬಂದಾಗ ದಿನಕ್ಕೆ ಎರಡು ಲೋಟ ಕುಡಿಯುತ್ತಿದ್ದರು.

ಮೀನು ನಮ್ಮ ಕಡೆಯ ಜಾತಿಗಳೇನಾ? ಒಣ ಬೊಂಡಾಸ್ (ಸ್ಕ್ವಿಡ್) ತರಬಹುದಾ?
*ಒಬ್ಬ ಓದುಗರು, ಉಡುಪಿ*

ಇಂಥ ಪ್ರಶ್ನೆಗೇ ಕಾಯುತ್ತಿದ್ದೆ. 'ಕಾ ಬಾಕ್ ಮಾ' ಅಂತ ಬುಟ್ಟಿಯಲ್ಲಿ ಹೊಳೆಯುತ್ತಿರೋದು ನಮ್ಮ ಬಂಗುಡೆಯೇ. 'ಕಾ ಥು' ನಮ್ಮ ಅಂಜಲ್‌ನ ಬಳಗ. 'ಕಾ ಕೋಮ್' ಕೊಲ್ಲತರು, ಮೀನಿನ ರಸ ಮಾಡೋದು ಅದರಿಂದಲೇ. ಮಾರುವವರೂ ನಮ್ಮಲ್ಲಿಯ ಹಾಗೆ ಹೆಂಗಸರೇ. ಬಾಯಿ, ಚೂರಿ ಎರಡೂ ಚುರುಕು. ಒಮ್ಮೆ ಬೆಳಗಿನ ಜಾವ ಊರಿನ ಉತ್ತರಕ್ಕಿರುವ ಮೀನುಗಾರರ ಹಳ್ಳಿಗೆ ಹೋಗಿ. ದೋಣಿಯಿಂದ ದಡಕ್ಕೆ ಮೀನು ತರುವುದು ದುಂಡನೆಯ ಬುಟ್ಟಿದೋಣಿಯಲ್ಲಿ. ಹಂಪಿಯ ಹರಿಗೋಲನ್ನೇ ಯಾರೋ ಸಮುದ್ರಕ್ಕೆ ಬಿಟ್ಟ ಹಾಗಿದೆ. ಅಲೆಯಲ್ಲಿ ಅದು ಗಿರಗಿರ ಸುತ್ತುವುದಿಲ್ಲ, ಅದೇ ಆಶ್ಚರ್ಯ. ಹುಟ್ಟು ಹಾಕುವವರ ಕೈಚಳಕ ಅದು.

ಒಣ ಬೊಂಡಾಸ್ ಇಲ್ಲಿ ಧಾರಾಳ. ಒಯ್ಯುವ ಮೊದಲು ನಮ್ಮ ಕಸ್ಟಮ್ಸ್ ನಿಯಮ ವಿಚಾರಿಸಿಕೊಳ್ಳಿ. ಬೆಳಕಿಗೆ ಹಿಡಿದರೆ ಮೈ ತಿಳಿಯಾಗಿ ಕಾಣಬೇಕು, ಮುಟ್ಟಿದರೆ ಅಂಟಬಾರದು. ಅಕ್ಟೋಬರ್‌ನಿಂದ ಡಿಸೆಂಬರ್ ಇಲ್ಲಿ ಮಳೆಗಾಲ. ಆಗ ಬಿಸಿಲಿಗೆ ಒಣಗಿದ್ದು ಸಿಗೋದು ಕಷ್ಟ. ತೂಕದ ಮೇಲೆ ಕಣ್ಣಿರಲಿ. ನಾನು ಪ್ರವಾಸಿಗಳ ಒಂದು ಅಂಗಡಿಯಲ್ಲಿ ಒಂದು ಕಿಲೋ ಅಂತ ಕೊಂಡು, ಮನೆಗೆ ಬಂದು ತೂಗಿದರೆ 820 ಗ್ರಾಂ. ಮೀನು ತೂಗುವುದನ್ನು ನೋಡಿ ಬೆಳೆದ ನನಗೇ! ಗಂಡ ಇವತ್ತಿಗೂ ಆಡಿಕೊಳ್ಳುತ್ತಾರೆ. ಮೀನಿನ ರಸದ ಬಾಟಲಿ ಮಾತ್ರ ಬೇಡ. ಸೂಟ್‌ಕೇಸಿನಲ್ಲಿ ಒಡೆದರೆ ಆ ಸೂಟ್‌ಕೇಸನ್ನು ಮನೆಯೊಳಗೆ ಸೇರಿಸೋ ಹಾಗಿಲ್ಲ.

ಅಲ್ಲಿಯ ಅಗರು ಬಹಳ ಪ್ರಸಿದ್ಧವಂತೆ. ದೇವರ ಮನೆಗೆ ಒಂದು ತುಂಡು ತರಿಸಬಹುದಾ?
*ಒಬ್ಬ ಓದುಗರು, ಮೈಸೂರು*

ಖಾನ್ ಹ್ವಾಕ್ಕೆ 'ಅಗರಿನ ನಾಡು' ಅಂತಲೇ ಹೆಸರು. ಊರಲ್ಲಿ ಪೊ ನಗರ್ ಅಂತ ಚಾಮ್ ಜನ ಕಟ್ಟಿದ ಹಳೆಯ ದೇವಿಗುಡಿ ಇದೆ. ಆ ದೇವಿಯೂ ಅಗರಿನ ದಿಮ್ಮಿಯಲ್ಲಿ ಸೇರಿಕೊಂಡು ಸಮುದ್ರದಲ್ಲಿ ತೇಲಿದಳು ಅಂತ ಕತೆ. ಆದರೆ ನೀವು ತುಂಡು ಕೊಳ್ಳಬೇಡಿ. ಒಳ್ಳೆಯ ಅಗರಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಅಗ್ಗದ್ದು ಎಷ್ಟೋ ಸಲ ಬೇರೆ ಕಟ್ಟಿಗೆಗೆ ಸುಗಂಧದ ಎಣ್ಣೆ ಕುಡಿಸಿದ್ದು. ಜೊತೆಗೆ ಈ ಮರ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ, ಅಂದರೆ ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ. ಕಾಗದಪತ್ರ ಇಲ್ಲದೆ ಗಡಿ ದಾಟಿಸಲು ಹೋದರೆ ಏರ್‌ಪೋರ್ಟಿನಲ್ಲಿ ಫಜೀತಿ. ಅಷ್ಟಕ್ಕೂ ಮೈಸೂರಿನವರು ಊದುಬತ್ತಿ ಹುಡುಕಿಕೊಂಡು ಇಲ್ಲಿಗೆ ಬರಬೇಕೇ?

ಫಾನ್ ರಾಂಗ್ ಸೇಬು ತುಂಬಾ ರುಚಿ ಅಂತ ಕೇಳಿದ್ದೇನೆ. ಅಷ್ಟು ಸೆಕೆಯಲ್ಲಿ ಸೇಬು ಬೆಳೆಯುತ್ತಾ?
*ಒಬ್ಬ ಓದುಗರು, ವಿಜಯಪುರ*

ಬೆಳೆಯೋದಿಲ್ಲ! ಅನುವಾದದ ಆಪ್ ಮಾಡಿದ ಎಡವಟ್ಟು ಅದು. 'ತಾವ್' ಅಂದರೆ ಸೇಬು ಅಂತಲೂ ಇದೆ, ಆದರೆ ಫಾನ್ ರಾಂಗ್‌ನ ತಾವ್ ನಿಮ್ಮ ಕಡೆಯ ಬೋರೆಹಣ್ಣು. ದಪ್ಪ, ಹಸಿರು, ಕಚ್ಚಿದರೆ ಕರುಮ್ ಅನ್ನುತ್ತದೆ. ಫಾನ್ ರಾಂಗ್ ಕಡೆ ಮಳೆ ಬಹಳ ಕಡಿಮೆ. ಆ ಒಣ ನೆಲದಲ್ಲಿ ದ್ರಾಕ್ಷಿ, ಬೋರೆ, ಬೆಳ್ಳುಳ್ಳಿ ಬೆಳೆಯುತ್ತಾರೆ. ವಿಜಯಪುರದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅದು ಮೊದಲು ನಿನ್ ಥುಆನ್ ಅಂತ ಬೇರೆ ಪ್ರಾಂತ್ಯವಾಗಿತ್ತು. 2025ರ ಜುಲೈ 1ರಿಂದ ನಮ್ಮ ಖಾನ್ ಹ್ವಾಕ್ಕೆ ಸೇರಿದೆ. ನಮ್ಮ ಸಂತೆಯ ದ್ರಾಕ್ಷಿಯವಳಿಗೆ ಮಾತ್ರ ಅದು ಇನ್ನೂ ಹೊರಗಿನ ಊರೇ.

ಎಲೆ ಅಡಿಕೆ ಸಿಗುತ್ತಾ?
*ಒಬ್ಬ ಓದುಗರು, ಶಿರಸಿ*

ಸಿಗುತ್ತದೆ. 'ಚೌ ಕಾವ್' ಅಂತ ಕೇಳಿ. ಹೂವಿನ ಅಂಗಡಿ ಸಾಲಿನಲ್ಲಿ ಹಸಿ ಅಡಿಕೆ, ವೀಳ್ಯದೆಲೆ ಜೊತೆಯಾಗಿ ಕಟ್ಟಿಟ್ಟಿರುತ್ತಾರೆ. ಮದುವೆ ಮಾತುಕತೆಗೆ, ಹಿರಿಯರ ಪೂಜೆಗೆ ಬೇಕೇ ಬೇಕು. ಜಗಿಯುವವರು ಈಗ ಮುದುಕಿಯರು ಮಾತ್ರ. ಅಡಿಕೆ ದರ ಕೇಳಿ ಹೇಳಿ ಅಂತಲೂ ಬರೆದಿದ್ದೀರಿ. ಕ್ಷಮಿಸಿ, ಶಿರಸಿಯವರಿಗೆ ಅಡಿಕೆ ದರ ಹೇಳುವ ಧೈರ್ಯ ನನಗಿಲ್ಲ.

ಅಷ್ಟು ದೊಡ್ಡ ಸಂತೆಯಲ್ಲಿ ನಿಮಗೆ ಸಿಗದೇ ಇರೋದು ಏನು?
*ಒಬ್ಬ ಓದುಗರು, ಬೆಂಗಳೂರು*

ಕರಿಬೇವು. ಹಲಸು ಇದೆ, ಬಾಳೆ ಹೂವಿದೆ, ಸೀತಾಫಲ ಇದೆ, ಹಸಿ ಅರಿಸಿನ ಇದೆ. ಕರಿಬೇವು ಮಾತ್ರ ಆರು ವರ್ಷದಲ್ಲಿ ನಮ್ಮ ಸಂತೆಯ ಒಂದು ಬುಟ್ಟಿಯಲ್ಲೂ ಕಂಡಿಲ್ಲ. ಕೊನೆಗೆ ಇಂಡಿಯನ್ ಹೋಟೆಲ್ ನಡೆಸುವವರೊಬ್ಬರು ಒಂದು ಸಸಿ ಕೊಟ್ಟರು. ಬಾಲ್ಕನಿಯಲ್ಲಿ ಚೆನ್ನಾಗಿ ಬಂದಿದೆ.

ನೋಟು ವಾಪಸ್ ಕೊಟ್ಟ ಆ ಹಾಗಲಕಾಯಿ ಅಜ್ಜಿಗೆ ಹೋದ ತಿಂಗಳು ನಾಲ್ಕು ಎಸಳು ಒಯ್ದು ಕೊಟ್ಟೆ. ತಿಕ್ಕಿ ಮೂಸಿದರು. "ಯಾವ ಕಾಯಿಲೆಗೆ?" ಅಂತ ಕೇಳಿದರು. ಕಾಯಿಲೆಗಲ್ಲ, ಸಾರಿಗೆ ಅಂದೆ. ಅಕ್ಕಪಕ್ಕದ ನಾಲ್ಕು ಅಂಗಡಿಯವರೂ ಬಂದು ಮೂಸಿ ಹೋದರು. ಮರುದಿನ ಕೇಳಿದೆ, ಹೇಗಿತ್ತು ಅಂತ. ಬಂಗುಡೆ ಹುಳಿಸಾರಿಗೆ ಹಾಕಿದ್ದರಂತೆ. "ಸಾರು ಚೆನ್ನಾಗಿತ್ತು. ಎಲೆಯನ್ನ ಎಲ್ಲರೂ ತಟ್ಟೆ ಅಂಚಿಗೆ ತೆಗೆದಿಟ್ಟರು" ಅಂದರು, ಸ್ವಲ್ಪ ಸಂಕೋಚದಿಂದ.

ನಮ್ಮಲ್ಲೂ ಅದನ್ನು ತಿನ್ನುವ ಪದ್ಧತಿ ಹಾಗೇನೇ ಅಂತ ಹೇಳಿ ಬಂದೆ.