ಬೋಟ್‌ನಲ್ಲಿ ಏನೂ ಉಳಿಯಲಿಲ್ಲವೇ? ಆನಯಾನ್ ಯಾವುದು ನೋಡಿ

ಬ್ಯುಟೈಲ್ ಮೀಥೈಲ್ ಇಮಿಡಜೋಲಿಯಂ ಟೆಟ್ರಾಫ್ಲೋರೋಬೋರೇಟ್ ಎಂಬ ಅಯಾನಿಕ್ ಲಿಕ್ವಿಡನ್ನು (ಮಾಮೂಲಿ ಬಿಸಿಯಲ್ಲೇ ದ್ರವವಾಗಿರುವ ಲವಣ) ನೈಟ್ರೋಜನ್ ಹರಿಸಿ 800 ಡಿಗ್ರಿಗೆ ಕಾಯಿಸಿದೆ, ಕಾರ್ಬನ್ ಸಿಗಲೇ ಇಲ್ಲ, ತಪ್ಪೆಲ್ಲಿ ಅಂತ ಕೇಳಿದ್ದೀರಿ.

ನಿಮ್ಮ ಫರ್ನೇಸ್ ಚೆನ್ನಾಗಿಯೇ ಇರಬೇಕು. ಪಿಎಚ್‌ಡಿಯ ಮೊದಲ ವರ್ಷ ನನಗೂ ಹೀಗೇ ಆಗಿತ್ತು. ಬೆಳಿಗ್ಗೆ ಬಂದು ನೋಡಿದರೆ ಅಲ್ಯೂಮಿನಾ ಬೋಟ್ (ಫರ್ನೇಸ್‌ನೊಳಗೆ ಸ್ಯಾಂಪಲ್ ಇಡುವ ಪುಟ್ಟ ತಟ್ಟೆ) ತೊಳೆದಿಟ್ಟ ಹಾಗೆ ಬೆಳ್ಳಗಿತ್ತು. ಎಲ್ಲೋ ಗಾಳಿ ನುಗ್ಗಿ ಸುಟ್ಟುಹೋಗಿದೆ ಅಂದುಕೊಂಡು ಒಂದು ವಾರ ಸುಮ್ನೆ ಸೀಲ್ ಬದಲಾಯಿಸುತ್ತಾ ಕೂತಿದ್ದೆ!

ಅಯಾನಿಕ್ ಲಿಕ್ವಿಡ್ ಆವಿಯಾಗುವುದಿಲ್ಲ ಎಂದು ಓದಿರುತ್ತೇವಲ್ಲ, ಅದು ಮಾಮೂಲಿ ಬಿಸಿಗೆ ಹೇಳಿದ ಮಾತು. ಜಾಸ್ತಿ ಕಾಯಿಸಿದರೆ ಒಡೆದು ಗ್ಯಾಸ್ ಆಗಿ ಹೋಗುತ್ತದೆ. ಇದ್ದಿಲಾಗಬೇಕಾದರೆ ಅಣುಗಳು ಅದಕ್ಕೂ ಮೊದಲೇ ಒಂದಕ್ಕೊಂದು ಹೆಣೆದುಕೊಳ್ಳಬೇಕು. ಆ ಕೆಲಸ ಮಾಡುವುದು ನೈಟ್ರೈಲ್ ಗುಂಪು, ಅಂದರೆ ಮೂರು ಬಂಧದಲ್ಲಿ ಸೇರಿದ ಕಾರ್ಬನ್-ನೈಟ್ರೋಜನ್ ಜೋಡಿ. ಬಿಸಿಯಲ್ಲಿ ಮೂರು ನೈಟ್ರೈಲ್ ಸೇರಿ ಒಂದು ಟ್ರೈಅಜೀನ್ ಉಂಗುರವಾಗುತ್ತದೆ. ಉಂಗುರಕ್ಕೆ ಉಂಗುರ ಸೇರಿ ಬಲೆಯಾಗುತ್ತದೆ. ನಿಮ್ಮ ಲವಣದ ಆನಯಾನ್ (ಋಣ ಅಯಾನು) ಟೆಟ್ರಾಫ್ಲೋರೋಬೋರೇಟ್, ಅದರಲ್ಲಿ ನೈಟ್ರೈಲ್ ಎಲ್ಲಿದೆ ಹೇಳಿ? 2009-10ರ ಸುಮಾರಿಗೆ ಅಮೆರಿಕದ ಓಕ್ ರಿಡ್ಜ್‌ನಲ್ಲಿ ಶೆಂಗ್ ದಾಯ್ ತಂಡವೂ ಜರ್ಮನಿಯ ಪಾಟ್ಸ್‌ಡಾಮ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಮಾರ್ಕುಸ್ ಆಂಟೋನಿಯೆಟ್ಟಿ ತಂಡವೂ ಹಿಡಿದದ್ದು ಈ ನೈಟ್ರೈಲ್ ದಾರಿಯನ್ನೇ.

ಹಾಗಾಗಿ ಆನಯಾನ್‌ನಲ್ಲೇ ನೈಟ್ರೈಲ್ ಇರುವ ಎಥೈಲ್ ಮೀಥೈಲ್ ಇಮಿಡಜೋಲಿಯಂ ಡೈಸಯನಮೈಡ್ ತನ್ನಿ. ಅದರ ತೂಕದಲ್ಲಿ ಶೇ. 40ರ ಹತ್ತಿರ ನೈಟ್ರೋಜನ್ನೇ ಇದೆ. 1000 ಡಿಗ್ರಿ ಕಂಡ ಮೇಲೂ ಕಾರ್ಬನ್ನಿನಲ್ಲಿ ಶೇ. 10ರಷ್ಟು ನೈಟ್ರೋಜನ್ ಉಳಿಯುತ್ತದೆ. ಬೆಲೆ ಮಾತ್ರ ಕೈ ಸುಡುತ್ತದೆ. ಅಷ್ಟು ದುಡ್ಡಿಲ್ಲದಿದ್ದರೆ ಅಗ್ಗದ ಆರೊಮ್ಯಾಟಿಕ್ ಅಮೈನಿಗೆ ಸಲ್ಫ್ಯೂರಿಕ್ ಆಸಿಡ್ ಸೇರಿಸಿ ಮಾಡುವ ಪ್ರೋಟಿಕ್ (ಆಸಿಡ್‌ನಿಂದ ಪ್ರೋಟಾನ್ ಪಡೆದ) ಲವಣಗಳ ದಾರಿಯೂ ಇದೆ.

ಕಪ್ಪು ಪುಡಿ ಬಂತು ಅಂದರೆ ರಂಧ್ರವೂ ಬಂತು ಅಂತಲ್ಲ. ಬರೀ ಡೈಸಯನಮೈಡ್ ಕಾಯಿಸಿದರೆ ಸಿಗುವುದು ಹೆಚ್ಚುಕಮ್ಮಿ ರಂಧ್ರವೇ ಇಲ್ಲದ ಕಾರ್ಬನ್. ಮೊದಲೆಲ್ಲ ಸಿಲಿಕಾ ಕಣ ಬೆರೆಸಿ, ಆಮೇಲೆ ಅದನ್ನು ಫ್ಲೋರೈಡ್‌ನಲ್ಲಿ ಕರಗಿಸಿ ತೆಗೆಯುತ್ತಿದ್ದರು. 2013ರಲ್ಲಿ ಪಾಟ್ಸ್‌ಡಾಮ್‌ನವರು ಉಪ್ಪಿನ ಉಪಾಯ ತಂದರು. ಝಿಂಕ್ ಕ್ಲೋರೈಡ್ ಜೊತೆ ಅಡುಗೆ ಉಪ್ಪೋ ಪೊಟ್ಯಾಸಿಯಂ ಕ್ಲೋರೈಡೋ ಸೇರಿಸಿದರೆ ಮಿಶ್ರಣ 300 ಡಿಗ್ರಿಯೊಳಗೇ ಕರಗುತ್ತದೆ. ಆ ಕರಗಿದ ಉಪ್ಪಿನ ಸುತ್ತ ಕಾರ್ಬನ್ ಕಟ್ಟಿಕೊಳ್ಳುತ್ತದೆ. ತಣ್ಣಗಾದ ಮೇಲೆ ನೀರಲ್ಲಿ ತೊಳೆದರೆ ಉಪ್ಪು ಹೋಗಿ ಅದರ ಜಾಗ ರಂಧ್ರವಾಗಿ ಉಳಿಯುತ್ತದೆ. ಒಂದು ಗ್ರಾಂಗೆ 2000 ಚದರ ಮೀಟರ್‌ವರೆಗೆ ಮೇಲ್ಮೈ ಸಿಕ್ಕಿದೆ. ಅಂದರೆ ಒಂದು ಚಿಟಿಕೆ ಪುಡಿಯಲ್ಲಿ ಸುಮಾರು 20 ಗುಂಟೆ ಜಮೀನು! ಉಪ್ಪು ಬದಲಾದರೆ ರಂಧ್ರದ ಅಳತೆಯೂ ಬದಲಾಗುತ್ತದೆ.

ಝಿಂಕ್ ಕ್ಲೋರೈಡ್ ಗಾಳಿಯ ತೇವ ಎಳೆದುಕೊಂಡು ಒದ್ದೆಯಾಗಿಬಿಡುತ್ತದೆ. ಮಳೆಗಾಲದಲ್ಲಂತೂ ಗ್ಲವ್ ಬಾಕ್ಸ್‌ನಲ್ಲೇ ಅರೆಯಿರಿ. ಅದು 732 ಡಿಗ್ರಿಗೆ ಕುದಿಯುತ್ತದೆ, ಹಾಗಾಗಿ ಟ್ಯೂಬಿನ ತಣ್ಣನೆಯ ತುದಿಯಲ್ಲಿ ಬೆಳ್ಳಗೆ ಕಟ್ಟಿಕೊಂಡು ದಾರಿ ಮುಚ್ಚಬಹುದು. ಪ್ರತಿ ಸಲವೂ ತೆಗೆದು ತೊಳೆಯಿರಿ. ಕಾರ್ಬನ್ನಿನೊಳಗೆ ಝಿಂಕ್ ಉಳಿದಿದ್ದರೆ ನೀರಿನ ನಂತರ ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಒಮ್ಮೆ ತೊಳೆಯಿರಿ.

ಇನ್ನೊಂದು ಮಾತು, ದಯವಿಟ್ಟು ಹಗುರವಾಗಿ ತಗೋಬೇಡಿ. ಡೈಸಯನಮೈಡ್ ಒಡೆಯುವಾಗ ಹೈಡ್ರೋಜನ್ ಸಯನೈಡ್ ಬರಬಹುದು. ಹೊರಬರುವ ಗ್ಯಾಸನ್ನು ಕ್ಷಾರದ ಬಾಟಲಿ ಮೂಲಕ ಹಾಯಿಸಿ ಫ್ಯೂಮ್ ಹುಡ್‌ಗೆ ಬಿಡಿ. ರಾತ್ರಿ ಒಬ್ಬರೇ ಇರುವಾಗ ಆನ್ ಮಾಡಬೇಡಿ.