ಶ್ವಾಸಕೋಶದ ನೀರಿನಲ್ಲಿ ಬಿಳಿ ರಕ್ತಕಣಗಳ ಲೆಕ್ಕ

ಪ್ರಶ್ನೆ: ಅಮ್ಮನ ಎಡ ಶ್ವಾಸಕೋಶದ ಸುತ್ತ ತುಂಬಿದ್ದ ನೀರನ್ನು ತೆಗೆದು ಪರೀಕ್ಷಿಸಿದ್ದಾರೆ. ವರದಿಯಲ್ಲಿ ಲಿಂಫೋಸೈಟ್ ಶೇ 84, ಪಾಲಿಮಾರ್ಫ್ ಶೇ 12, ಎಡಿಎ 62 ಎಂದಿದೆ. ಇದು ಕ್ಷಯವೇ, ಕ್ಯಾನ್ಸರೇ? ಈ ಅನುಪಾತದಿಂದ ತಿಳಿಯುವುದಿಲ್ಲವೇ?

ಉತ್ತರ: ಲಿಂಫೋಸೈಟ್, ಪಾಲಿಮಾರ್ಫ್ ಎರಡೂ ಬಿಳಿ ರಕ್ತಕಣಗಳ ಬಗೆಗಳು; ವರದಿಯ ಪಾಲಿಮಾರ್ಫ್ ಎಂದರೆ ನ್ಯೂಟ್ರೋಫಿಲ್. ಎಡಿಎ ಎಂದರೆ ಅಡೆನೋಸಿನ್ ಡಿಅಮಿನೇಸ್ ಎಂಬ ಕಿಣ್ವ. 84ನ್ನು 12ರಿಂದ ಭಾಗಿಸಿದರೆ 7. ಅದೊಂದರಿಂದ ಕ್ಷಯ, ಕ್ಯಾನ್ಸರ್‌ಗಳನ್ನು ಬೇರ್ಪಡಿಸಲಾಗದು. ಎರಡರಲ್ಲೂ ಲಿಂಫೋಸೈಟ್ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚಿರುತ್ತದೆ. ಶೇ 80 ದಾಟಿದರೆ ಕ್ಷಯದ ಅನುಮಾನ ಹೆಚ್ಚುತ್ತದೆ ನಿಜ, ಆದರೆ ಲಿಂಫೋಮಾದಲ್ಲೂ (ಲಿಂಫೋಸೈಟ್‌ಗಳ ಕ್ಯಾನ್ಸರ್) ಬೈಪಾಸ್ ಶಸ್ತ್ರಚಿಕಿತ್ಸೆಯ ವಾರಗಳ ನಂತರ ತುಂಬುವ ನೀರಿನಲ್ಲೂ ಹಾಗಾಗಬಹುದು.

ಅನುಪಾತದ ನಿಜವಾದ ಉಪಯೋಗ ಎಡಿಎ ಜೊತೆಗಿಟ್ಟು ಓದಿದಾಗ. ಲೀಟರಿಗೆ 40 ಯೂನಿಟ್ ಮೀರಿದ ಎಡಿಎ ಕ್ಷಯದಲ್ಲಿ ಕಾಣುತ್ತದೆ, ಎದೆಗೂಡಿನಲ್ಲಿ ಕೀವು ತುಂಬಿದಾಗಲೂ ಕಾಣುತ್ತದೆ. ಕೀವಿನಲ್ಲಿ ನ್ಯೂಟ್ರೋಫಿಲ್‌ಗಳದೇ ದರ್ಬಾರು; ಹಾಗಾಗಿ ಲಿಂಫೋಸೈಟನ್ನು ನ್ಯೂಟ್ರೋಫಿಲ್‌ನಿಂದ ಭಾಗಿಸಿದ ಅನುಪಾತ 0.75ಕ್ಕಿಂತ ಮೇಲಿದ್ದು, ಎಡಿಎ 50 ದಾಟಿದರೆ ಕ್ಷಯದ ಶಂಕೆ ಬಲವಾಗುತ್ತದೆ. ನಿಮ್ಮ ಅಮ್ಮನ ವರದಿ ಇಲ್ಲಿಗೇ ಬರುತ್ತದೆ. ಆದರೂ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್, ಕ್ಯಾನ್ಸರ್ ಕಣಗಳಿಗಾಗಿ ಸೈಟಾಲಜಿ, ಅಗತ್ಯವಿದ್ದರೆ ಶ್ವಾಸಕೋಶ ಸುತ್ತುವ ಪ್ಲೂರಾ ಪೊರೆಯ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಆಗಲೇಬೇಕು. ಲಿಂಫೋಮಾದಲ್ಲೂ ಎಡಿಎ ಏರುವುದುಂಟು.

ಕ್ಷಯ ಶುರುವಾದ ಮೊದಲ ದಿನಗಳಲ್ಲಿ ನ್ಯೂಟ್ರೋಫಿಲ್ ಮುಂದಿರಬಹುದು. ಆಗ ಅನುಪಾತ ಕಡಿಮೆ ಬಂತೆಂದು ಕ್ಷಯವನ್ನು ಕೈಬಿಡುವುದು ತಪ್ಪು. ಕೆಲವು ದಿನ ಬಿಟ್ಟು ಮತ್ತೆ ನೀರು ತೆಗೆದರೆ ಚಿತ್ರ ಬದಲಾಗಿರಬಹುದು.

ಪ್ರಶ್ನೆ: ಒಂದೇ ದಿನ ತೆಗೆದ ನೀರಿಗೆ ಎರಡು ಲ್ಯಾಬ್‌ಗಳು ಬೇರೆ ಬೇರೆ ಅನುಪಾತ ಕೊಟ್ಟಿವೆ. ಯಾವುದನ್ನು ನಂಬುವುದು?

ಉತ್ತರ: ಮೊದಲು ಟ್ಯೂಬ್ ಯಾವುದೆಂದು ಕೇಳಿ. ಕಣ ಎಣಿಕೆಗೆ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬ್ ಬೇಕು. ಸಾದಾ ಟ್ಯೂಬಿನಲ್ಲಿ ಹೆಪ್ಪುಗಟ್ಟಿದರೆ ಕಣಗಳು ಆ ಗಡ್ಡೆಯಲ್ಲೇ ಸಿಕ್ಕಿಕೊಳ್ಳುತ್ತವೆ. ಮಾದರಿ ಹೊರಗಡೆ ಗಂಟೆಗಟ್ಟಲೆ ಬಿದ್ದಿದ್ದರೆ ನ್ಯೂಟ್ರೋಫಿಲ್‌ಗಳು ಬೇಗ ಒಡೆದು ಹೋಗಿ ಲಿಂಫೋಸೈಟ್ ಪಾಲು ಸುಳ್ಳೇ ಹಿಗ್ಗುತ್ತದೆ. ಸೂಜಿ ಚುಚ್ಚಿದಾಗ ರಕ್ತ ಬೆರೆತರೆ ಇದಕ್ಕೆ ತಿರುಗುಮುರುಗು, ಏಕೆಂದರೆ ರಕ್ತದಲ್ಲಿ ನ್ಯೂಟ್ರೋಫಿಲ್‌ಗಳೇ ಹೆಚ್ಚು. ಯಂತ್ರವು ಪೊರೆಯಿಂದ ಉದುರಿದ ಮೀಸೋಥೀಲಿಯಲ್ ಕಣಗಳನ್ನೂ ಒಂಟಿ ಕೋಶಕೇಂದ್ರದ ಬಿಳಿಕಣಗಳ (ಲಿಂಫೋಸೈಟ್ ಇರುವ ಗುಂಪು) ಲೆಕ್ಕಕ್ಕೆ ಸೇರಿಸಿಬಿಡಬಹುದು. ಸ್ಲೈಡ್‌ಗೆ ಬಣ್ಣ ಹಾಕಿ ಕಣ್ಣಾರೆ ಎಣಿಸಿದ ವರದಿಗೇ ನನ್ನ ಓಟು.

ಇನ್ನೊಂದು: ನ್ಯೂಟ್ರೋಫಿಲ್ ಶೇ 1 ಅಥವಾ 2 ಇದ್ದಾಗ ಅನುಪಾತ ಹಾಕುವುದೇ ವ್ಯರ್ಥ. 96ಕ್ಕೆ 1 ಇದ್ದರೆ 96, 2 ಇದ್ದರೆ 48. ನೂರು ಕಣ ಎಣಿಸುವಾಗ ಒಂದೇ ಒಂದು ಕಣದ ವ್ಯತ್ಯಾಸ ಅದು. ಅಂಥಲ್ಲಿ ಶೇಕಡಾವಾರನ್ನೇ ನೋಡಿ.