ಹತ್ತು ಸಲ ಬರೆದರೆ ಇಂಗ್ಲಿಷ್ ಬರುತ್ತಾ?

ಹೈಸ್ಕೂಲು ಮಕ್ಕಳ ಇಂಗ್ಲಿಷ್ ಪಾಠ, ಹೋಂವರ್ಕ್ ಬಗ್ಗೆ ಏನಿದ್ದರೂ ಕೇಳಿ ಅಂದಿದ್ದೆವು. ಮಂಡ್ಯ, ಮೈಸೂರು ಕಡೆಯಿಂದಲೇ ಜಾಸ್ತಿ ಪತ್ರಗಳು ಬಂದಿವೆ. ಮಂಡ್ಯ ಜಿಲ್ಲೆಯ ಹೈಸ್ಕೂಲುಗಳಲ್ಲಿ 24 ವರ್ಷ ಇಂಗ್ಲಿಷ್ ಪಾಠ ಮಾಡಿದ ಮೇಷ್ಟ್ರು ಉತ್ತರ ಕೊಟ್ಟಿದ್ದಾರೆ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಮಗಳು ಸರ್ಕಾರಿ ಹೈಸ್ಕೂಲಿನಲ್ಲಿ ಎಂಟನೇ ತರಗತಿ. ದಿನಾ ಒಂದೂವರೆ ಗಂಟೆ ಕೂತು ಇಂಗ್ಲಿಷ್ ಹೋಂವರ್ಕ್ ಬರೀತಾಳೆ. ಕಷ್ಟದ ಪದ ಹತ್ತತ್ತು ಸಲ, ಪ್ರಶ್ನೋತ್ತರ ಎರಡೆರಡು ಸಲ. ಮಾರನೇ ದಿನ ಕೇಳಿದರೆ ಒಂದು ಪದವೂ ನೆನಪಿರಲ್ಲ. ನನಗೆ ಇಂಗ್ಲಿಷ್ ಬರಲ್ಲ. ಹೇಗೆ ಸಹಾಯ ಮಾಡಲಿ?
– ಒಬ್ಬ ತಾಯಿ, ಮದ್ದೂರು

ಇಂಗ್ಲಿಷ್ ಬರದಿದ್ದರೂ ನೀವು ಮಾಡುವ ಕೆಲಸ ಬೇಕಾದಷ್ಟಿದೆ ತಾಯಿ. ಮೊದಲು ಆ ಹತ್ತು ಸಲದ ವಿಷಯ ಹೇಳಿಬಿಡ್ತೀನಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹತ್ತು ಸಲ ಬರೆಸುತ್ತಿದ್ದೆ. ಒಂದು ದಿನ ಒಬ್ಬ ಹುಡುಗಿಯ ಪಕ್ಕ ಕೂತು ಅವಳು ಬರೆಯುವುದನ್ನೇ ನೋಡಿದೆ. ಅವಳು ಪದ ಬರೆಯುತ್ತಲೇ ಇರಲಿಲ್ಲ. ಹತ್ತು ಸಾಲಿಗೂ ಮೊದಲ ಅಕ್ಷರವನ್ನು ಮೇಲಿಂದ ಕೆಳಕ್ಕೆ ಇಟ್ಟುಕೊಂಡು ಹೋದಳು, ಆಮೇಲೆ ಮತ್ತೆ ಮೇಲಿಂದ ಎರಡನೇ ಅಕ್ಷರ, ಆಮೇಲೆ ಮೂರನೆಯದು, ಗದ್ದೆಯಲ್ಲಿ ಸಾಲು ಹಿಡಿದು ನಾಟಿ ಹಾಕಿದ ಹಾಗೆ. ಕೈ ಓಡುತ್ತಿತ್ತು, ಆ ಪದ ಅವಳ ತಲೆಗೆ ಒಂದು ಸಲವೂ ಹೋಗಿರಲಿಲ್ಲ. ಅವತ್ತಿನಿಂದ ನಾನು ಹತ್ತು ಸಲ ಬರೆಸುವುದನ್ನು ಬಿಟ್ಟೆ.

ಜರ್ಮನಿಯ ಎಬ್ಬಿಂಗ್‌ಹೌಸ್ ಅನ್ನುವವರು ಮರೆವಿನ ಬಗ್ಗೆ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪುಸ್ತಕ ಬರೆದರು. ಬಾಯಿಪಾಠ ಮಾಡಿದ್ದರಲ್ಲಿ ಹೆಚ್ಚಿನದು ಮೊದಲ ದಿನವೇ ಜಾರಿಹೋಗುತ್ತದೆ, ಆದರೆ ಹಲವು ದಿನಗಳಿಗೆ ಹಂಚಿಕೊಂಡು ಮತ್ತೆ ಮತ್ತೆ ಕಲಿತರೆ ಹೆಚ್ಚು ನಿಲ್ಲುತ್ತದೆ ಅಂತ ಅವರು ಕಂಡುಕೊಂಡರು. ಹಾಗಾಗಿ ಒಂದೇ ರಾತ್ರಿ ಹತ್ತು ಸಲ ಬರೆಯುವ ಬದಲು ಐದು ದಿನ, ದಿನಕ್ಕೆ ಎರಡೇ ಸಲ, ಅದೂ ಪುಸ್ತಕ ಮುಚ್ಚಿಟ್ಟು ಬರೆಯಲಿ. ಬರೆದದ್ದು ಅಷ್ಟೇ, ಉಳಿಯುವುದು ಜಾಸ್ತಿ.

ಇನ್ನು ನಿಮ್ಮ ಕೆಲಸ. ಹಳೇ ಕ್ಯಾಲೆಂಡರ್ ಹಾಳೆ ಕತ್ತರಿಸಿ ಚೀಟಿ ಮಾಡಿಸಿ. ಒಂದು ಕಡೆ ಇಂಗ್ಲಿಷ್ ಪದ, ಇನ್ನೊಂದು ಕಡೆ ಕನ್ನಡ ಅರ್ಥ. ದಿನಕ್ಕೆ ಐದು ಪದ ಸಾಕು. ಸಂಜೆ ನೀವು ಕನ್ನಡ ಓದಿ, ಅವಳು ಇಂಗ್ಲಿಷ್ ಹೇಳಿ ಸ್ಪೆಲ್ಲಿಂಗ್ ಒಪ್ಪಿಸಲಿ. ಏಳನೇ ಕ್ಲಾಸಿನವರೆಗೆ ಓದಿದ ನಿಮಗೆ ಎಬಿಸಿಡಿ ಗೊತ್ತಿರುತ್ತೆ, ಅಕ್ಷರ ಸರಿ ಇದೆಯಾ ಅಂತ ನೋಡೋಕೆ ಅಷ್ಟು ಸಾಕು. ಶನಿವಾರ ಹಿಂದಿನ ವಾರದ ಚೀಟಿಗಳನ್ನೂ ಸೇರಿಸಿ ಕಲಸಿಬಿಡಿ. ಇನ್ನೊಂದು, ಮುದ್ದೆ ಕಟ್ಟುವ ಹೊತ್ತಿಗೆ ಅವಳನ್ನು ಪಕ್ಕ ಕೂರಿಸಿಕೊಂಡು 'ಇವತ್ತು ಇಂಗ್ಲಿಷ್ ಪಾಠದಲ್ಲಿ ಏನಾಯ್ತು ಹೇಳವ್ವ' ಅಂತ ಕೇಳಿ. ಕನ್ನಡದಲ್ಲೇ ಹೇಳಲಿ. ಪಾಠದ ಕಥೆ ಕನ್ನಡದಲ್ಲಿ ಹೇಳೋಕೆ ಬಂದರೆ ಅವಳಿಗೆ ಅದು ಅರ್ಥವಾಗಿದೆ ಅಂತ. ಬರದಿದ್ದರೆ ಪ್ರಶ್ನೋತ್ತರ ಎಷ್ಟು ಸಲ ಬರೆದರೂ ಅದು ಬರೀ ನಕಲು. ಮತ್ತೆ ಒಂದು ದಿನ ಶಾಲೆಗೆ ಹೋಗಿ ಅವಳ ಮೇಷ್ಟ್ರ ಹತ್ತಿರ ಇದನ್ನೆಲ್ಲ ಹೇಳಿ. ಮನೆಯಲ್ಲಿ ಒಂದೂವರೆ ಗಂಟೆ ಹಿಡಿಯುತ್ತಿದೆ ಅನ್ನುವುದು ಎಷ್ಟೋ ಸಲ ಅವರಿಗೆ ಗೊತ್ತೇ ಇರುವುದಿಲ್ಲ.

ಪ್ರತಿ ಸೋಮವಾರ ನಾವು ಒಂದು ಪ್ಯಾರಾಗ್ರಾಫ್ ಬರ್ಕೊಂಡು ಹೋಗ್ಬೇಕು. ನಾನು ಮನಸ್ಸಲ್ಲಿ ಕನ್ನಡದಲ್ಲಿ ಯೋಚಿಸಿ ಆಮೇಲೆ ಇಂಗ್ಲಿಷಿಗೆ ಮಾಡ್ತೀನಿ. ಪುಸ್ತಕ ವಾಪಸ್ ಬಂದಾಗ ಎಲ್ಲಾ ಕೆಂಪು ಗೆರೆ. 'ಮೈ ಫಾದರ್ ಟು ಆಲೆಮನೆ ವೆಂಟ್', 'ಈಸ್ ರೇನಿಂಗ್', 'ಐ ಆಮ್ ನಾಟ್ ನೋಯಿಂಗ್' ಇವೆಲ್ಲ ತಪ್ಪಂತೆ. ಕನ್ನಡದಲ್ಲಿ ಯೋಚಿಸೋದೇ ತಪ್ಪಾ ಸರ್?
– 9ನೇ ತರಗತಿ ವಿದ್ಯಾರ್ಥಿನಿ, ಪಾಂಡವಪುರ

ತಪ್ಪಲ್ಲ ಮಗಳೇ. ನಿನ್ನ ಈ ಮೂರು ವಾಕ್ಯ ನನಗೆ ತುಂಬಾ ಇಷ್ಟವಾದವು, ಯಾಕಂದ್ರೆ ಇವು ಗೈಡಿನಿಂದ ಬಂದವಲ್ಲ, ನಿನ್ನ ಮನೆಯಿಂದ, ನಿನ್ನ ಊರಿನಿಂದ ಬಂದವು. ತಪ್ಪು ಎಲ್ಲಿ ಆಗ್ತಿದೆ ಅಂತ ಕನ್ನಡದ ಮೂಲಕವೇ ನೋಡೋಣ.

ಅಪ್ಪ ಆಲೆಮನೆಗೆ ಹೋದರು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ಇಂಗ್ಲಿಷಿನಲ್ಲಿ ಯಾರು ಅಂತ ಹೇಳಿದ ಕೂಡಲೇ ಏನು ಮಾಡಿದರು ಅಂತ ಹೇಳಿಬಿಡಬೇಕು: ಮೈ ಫಾದರ್ ವೆಂಟ್. ಎಲ್ಲಿಗೆ ಅನ್ನೋದು ಆಮೇಲೆ. ಮತ್ತೆ ನಮ್ಮ 'ಗೆ' ಆಲೆಮನೆಯ ಬೆನ್ನಿಗೆ ಅಂಟಿಕೊಳ್ಳುತ್ತೆ, ಅವರ 'ಟು' ಅದರ ಮುಂದೆ ನಿಲ್ಲುತ್ತೆ: ಮೈ ಫಾದರ್ ವೆಂಟ್ ಟು ದಿ ಆಲೆಮನೆ. ಆಲೆಮನೆಗೆ ಇಂಗ್ಲಿಷ್ ಪದ ಹುಡುಕಬೇಕಾಗಿಲ್ಲ, ಹಾಗೇ ಬರಿ. ಈ ಅಂಟಿಕೊಳ್ಳುವ ಪ್ರತ್ಯಯ ಇರೋದರಿಂದಲೇ ಕನ್ನಡದಲ್ಲಿ ಪದಗಳನ್ನು ಹಿಂದೆ ಮುಂದೆ ಮಾಡಿದರೂ ಅರ್ಥ ಕೆಡೋದಿಲ್ಲ. 'ನಾಯಿ ಹುಡುಗನನ್ನು ಕಚ್ಚಿತು' ಅಂದರೂ ಒಂದೇ, 'ಹುಡುಗನನ್ನು ನಾಯಿ ಕಚ್ಚಿತು' ಅಂದರೂ ಒಂದೇ. ಇಂಗ್ಲಿಷಿನಲ್ಲಿ 'ದಿ ಡಾಗ್ ಬಿಟ್ ದಿ ಬಾಯ್' ಅನ್ನೋದರಲ್ಲಿ ಡಾಗ್ ಮತ್ತು ಬಾಯ್ ಜಾಗ ಬದಲಾದರೆ ಹುಡುಗನೇ ನಾಯಿಯನ್ನು ಕಚ್ಚಿದ ಹಾಗಾಗುತ್ತೆ. ಅಲ್ಲಿ ಜಾಗವೇ ಪ್ರತ್ಯಯದ ಕೆಲಸ ಮಾಡುತ್ತೆ. ಇದೊಂದು ಗೊತ್ತಾದರೆ ಅರ್ಧ ಕೆಂಪು ಗೆರೆ ಹೋಗುತ್ತೆ.

ಎರಡನೆಯದು ಮಳೆ. ಕನ್ನಡದಲ್ಲಿ 'ಬರ್ತೀನಿ' ಅಂದರೆ ಸಾಕು, ನಾನು ಅಂತ ಬೇರೆ ಹೇಳಬೇಕಿಲ್ಲ, ಆ ಕೊನೆಯ 'ಈನಿ' ಎಲ್ಲಾ ಹೇಳಿಬಿಡುತ್ತೆ. ಇಂಗ್ಲಿಷಿನಲ್ಲಿ ಕ್ರಿಯಾಪದದ ಮುಂದಿನ ಜಾಗ ಖಾಲಿ ಇರುವ ಹಾಗಿಲ್ಲ. ಮಳೆ ಬರುವಾಗ ಯಾರೂ ಏನೂ ಮಾಡ್ತಿಲ್ಲ, ಅಲ್ವಾ? ಆದರೂ ಅಲ್ಲಿ ಒಂದು 'ಇಟ್' ಕೂರಿಸುತ್ತಾರೆ, ಬಸ್ಸಿನ ಸೀಟಿಗೆ ಟವೆಲ್ ಹಾಕಿ ಜಾಗ ಹಿಡಿದ ಹಾಗೆ: ಇಟ್ ಈಸ್ ರೇನಿಂಗ್. ಆ ಇಟ್‌ಗೆ ಅರ್ಥ ಹುಡುಕಬೇಡ.

ಮೂರನೆಯದು 'ನನಗೆ ಗೊತ್ತಿಲ್ಲ' ಅನ್ನೋ ವಾಕ್ಯ. ಕನ್ನಡದಲ್ಲಿ ಗೊತ್ತು, ಇಷ್ಟ, ಬೇಕು, ಹಸಿವು ಎಲ್ಲಾ 'ನನಗೆ' ಆಗುವಂಥವು. ಇಂಗ್ಲಿಷಿನಲ್ಲಿ ಇವಕ್ಕೆಲ್ಲ 'ಐ' ಅಂತಲೇ ಶುರು: ಐ ನೋ, ಐ ಲೈಕ್, ಐ ವಾಂಟ್, ಐ ಆಮ್ ಹಂಗ್ರಿ. ಜೊತೆಗೆ ನೋ, ಲೈಕ್, ವಾಂಟ್ ಇವು ಮನಸ್ಸಿನ ಸ್ಥಿತಿ ಹೇಳುವ ಪದಗಳು, ಇವಕ್ಕೆ ಸಾಮಾನ್ಯವಾಗಿ ಹೀಗೆ 'ಇಂಗ್' ಹಚ್ಚುವುದಿಲ್ಲ. ಐ ಡೋಂಟ್ ನೋ ಅಂತ ಬರಿ.

ಸೋಮವಾರದ ಪ್ಯಾರಾಗ್ರಾಫನ್ನು ಭಾನುವಾರ ರಾತ್ರಿ ಕೂತು ಬರೆಯಬೇಡ. ರಫ್ ನೋಟ್‌ಬುಕ್ ಇಟ್ಟುಕೊಂಡು ದಿನಾ ಒಂದೇ ಒಂದು ವಾಕ್ಯ ಬರಿ, ಆ ದಿನ ನಿನ್ನ ಕಣ್ಣೆದುರು ನಡೆದದ್ದು. ನಾಲೆಗೆ ನೀರು ಬಿಟ್ಟಿದ್ದು, ಬಸ್ಸು ತಪ್ಪಿದ್ದು, ಏನಾದರೂ ಸರಿ. ಮೊದಲು ಕನ್ನಡದಲ್ಲಿ ಬರೆದು ಕ್ರಿಯಾಪದಕ್ಕೆ ಸುತ್ತು ಹಾಕು, ಅದನ್ನು ಎತ್ತಿ ಮುಂದಕ್ಕೆ ತಂದು ಆಮೇಲೆ ಇಂಗ್ಲಿಷಿನಲ್ಲಿ ಬರಿ. ಶನಿವಾರದ ಹೊತ್ತಿಗೆ ಆರು ವಾಕ್ಯ ಆಗಿರುತ್ತೆ. ಕೆಂಪು ಗೆರೆ ಬಂದರೆ ಎರಡನ್ನು ಆರಿಸಿ ಅವನ್ನು ಮಾತ್ರ ಸರಿಯಾಗಿ ಮತ್ತೆ ಬರಿ. ಒಂದೇ ವಾರಕ್ಕೆ ಎಲ್ಲಾ ಸರಿ ಮಾಡೋಕೆ ಹೋಗಬೇಡ.

ಗೈಡ್ ನೋಡಿ ಹೋಂವರ್ಕ್ ಬರೆದರೆ ತಪ್ಪಾ? ಎಸ್‌ಎಸ್‌ಎಲ್‌ಸಿಗೆ ಅದೇ ತಾನೇ ಬರೋದು?
– 10ನೇ ತರಗತಿ ವಿದ್ಯಾರ್ಥಿ, ಮಳವಳ್ಳಿ

ದ್ವಿತೀಯ ಭಾಷೆ ಇಂಗ್ಲಿಷಿನಲ್ಲಿ 80 ಅಂಕ ಬರಹದ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 80ರಲ್ಲಿ ಪಾಠದ ಪ್ರಶ್ನೆ ಇರುತ್ತೆ ನಿಜ. ಆದರೆ ಪತ್ರ, ಪ್ರಬಂಧ, ಓದಿರದ ಗದ್ಯಭಾಗ, ಸಂಭಾಷಣೆ ತುಂಬುವುದು ಇವೂ ಇರುತ್ತವೆ, ಅಲ್ಲಿ ಗೈಡ್ ಕೈಕೊಡುತ್ತೆ. ಗೈಡನ್ನು ಮೊದಲು ತೆಗೆಯಬೇಡ, ಕೊನೆಗೆ ತೆಗಿ. ನಿಮ್ಮ ಪುಸ್ತಕದಲ್ಲಿ ನಮ್ಮ ಮೈಸೂರಿನಲ್ಲೇ ಬಾಳಿದ ಆರ್.ಕೆ. ನಾರಾಯಣ್ ಅವರ 'ಎ ಹೀರೋ' ಇದೆಯಲ್ಲ, ಸ್ವಾಮಿ ಅಪ್ಪನ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗಬೇಕಾದ ಕಥೆ. ಅವನಿಗೆ ಯಾಕೆ ಭಯವಾಯಿತು ಅನ್ನೋದನ್ನು ಮೂರು ಸಣ್ಣ ವಾಕ್ಯದಲ್ಲಿ ನೀನೇ ಬರಿ. ಕತ್ತಲಲ್ಲಿ ಒಬ್ಬನೇ ಮಲಗೋದು ಹೇಗಿರುತ್ತೆ ಅಂತ ನಿನಗೆ ಗೊತ್ತು, ಗೈಡ್ ಬೇಕಿಲ್ಲ. ಬರೆದಾದ ಮೇಲೆ ಗೈಡ್ ತೆಗೆದು ಬಿಟ್ಟುಹೋದ ವಿಷಯ ಒಂದೆರಡಿದ್ದರೆ ಸೇರಿಸಿಕೋ.

ನಮ್ಮ ಕಾಲದಲ್ಲಿ ಐದನೇ ತರಗತಿಯಿಂದ ಇಂಗ್ಲಿಷ್. ಈಗ ಒಂದನೇ ತರಗತಿಯಿಂದಲೇ ಇದೆ. ಆದರೂ ಎಂಟನೇ ತರಗತಿಯ ಮೊಮ್ಮಗನಿಗೆ ಒಂದು ಅರ್ಜಿ ಬರೆಯೋಕೆ ಬರಲ್ಲ. ಯಾಕೆ?
– ನಿವೃತ್ತ ನೌಕರರು, ಮೈಸೂರು

ಹೌದು ಸರ್, ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಯಿತು. ಆದರೆ ಎಷ್ಟು ವರ್ಷ ಓದಿದ ಅನ್ನೋದಕ್ಕಿಂತ ಅಷ್ಟು ವರ್ಷದಲ್ಲಿ ಎಷ್ಟು ವಾಕ್ಯ ತಾನೇ ಯೋಚಿಸಿ ಬರೆದ ಅಂತ ನೋಡಿ. ಅರ್ಜಿಯನ್ನು ಅವನು ಬೋರ್ಡಿನಿಂದ ಇಳಿಸಿಕೊಂಡಿರುತ್ತಾನೆ, ಯಾರಿಗೂ ಕಳಿಸಿರಲ್ಲ. ನಿಮ್ಮ ಬೀದಿದೀಪ ಕೆಟ್ಟಿದ್ದರೆ ನಗರಪಾಲಿಕೆಗೆ ಒಂದು ಪತ್ರ ಅವನಿಂದ ಬರೆಸಿ, ನೀವು ಸಹಿ ಹಾಕಿ ನಿಜವಾಗಿಯೂ ಕೊಟ್ಟುಬನ್ನಿ. ಅವನನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಮೂರು ಸೆಕ್ಷನ್, ಒಂದೊಂದರಲ್ಲಿ ಅರವತ್ತರ ಹತ್ತಿರ ಮಕ್ಕಳು. ವಾರದ ಹೋಂವರ್ಕ್ ತಿದ್ದಿ ಮುಗಿಸುವಷ್ಟರಲ್ಲಿ ಮುಂದಿನ ವಾರದ್ದು ಬಂದಿರುತ್ತೆ. ಕೊನೆಗೆ ಬರೀ ರೈಟ್ ಮಾರ್ಕ್ ಹಾಕಿ ಸಹಿ ಮಾಡ್ತೀನಿ. ಮನಸ್ಸಿಗೆ ಸಮಾಧಾನ ಇಲ್ಲ.
– ಇಂಗ್ಲಿಷ್ ಶಿಕ್ಷಕಿ, ನಾಗಮಂಗಲ

ಮೇಡಂ, ಆ ಅಸಮಾಧಾನ ನನಗೆ ಚೆನ್ನಾಗಿ ಗೊತ್ತು. ಎಲ್ಲಾ ಪುಸ್ತಕ, ಎಲ್ಲಾ ತಪ್ಪು, ಪ್ರತಿ ವಾರ ಅನ್ನೋದನ್ನು ಮೊದಲು ಬಿಟ್ಟುಬಿಡಿ. ನಾನು ಮಾಡಿದ್ದು ಹೀಗೆ: ಒಂದು ಸೆಕ್ಷನ್ನಿಂದ ದಿನಕ್ಕೆ ಹತ್ತೇ ಪುಸ್ತಕ. ಆರು ದಿನಕ್ಕೆ ಅರವತ್ತು ಮುಗಿಯುತ್ತೆ. ಮೂರು ಸೆಕ್ಷನ್ನೂ ಒಟ್ಟಿಗೆ ಇಟ್ಟುಕೊಂಡರೆ ಆಗಲ್ಲ, ಈ ವಾರ ಒಂದು ಸೆಕ್ಷನ್, ಮುಂದಿನ ವಾರ ಇನ್ನೊಂದು. ಹಾಗಾದರೆ ಪ್ರತಿ ಮಗುವಿನ ಪುಸ್ತಕವೂ ಮೂರು ವಾರಕ್ಕೊಮ್ಮೆ ನಿಮ್ಮ ಕೈಯಲ್ಲಿ ನಿಜವಾಗಿ ಓದಿಸಿಕೊಳ್ಳುತ್ತೆ. ಉಳಿದ ಎರಡು ಸೆಕ್ಷನ್ನಿನಲ್ಲಿ ಅಕ್ಕಪಕ್ಕದವರು ಪುಸ್ತಕ ಅದಲುಬದಲು ಮಾಡಿಕೊಳ್ಳಲಿ, ಆದರೆ ಒಂದೇ ತಪ್ಪನ್ನು ಹುಡುಕಲಿ. ಈ ವಾರ ವಾಕ್ಯದ ಮೊದಲ ಅಕ್ಷರ ದೊಡ್ಡದಿದೆಯಾ, ಮುಂದಿನ ವಾರ ಕ್ರಿಯಾಪದ ಸರಿಯಾದ ಜಾಗದಲ್ಲಿದೆಯಾ, ಅಷ್ಟೇ.

ಮತ್ತೆ ನೀವು ಓದಿದ ಪುಸ್ತಕದಲ್ಲಿ ತಪ್ಪಿಗೆ ಗೆರೆ ಎಳೆಯುವುದರ ಜೊತೆಗೆ ಆ ಮಗು ಹೇಳಿದ್ದಕ್ಕೆ ಒಂದು ಸಾಲು ಉತ್ತರ ಬರೆಯಿರಿ. ನಮ್ಮ ಹಸು ಕರು ಹಾಕಿತು ಅಂತ ಬರೆದಿದ್ದರೆ ಕರುವಿಗೆ ಏನು ಹೆಸರಿಟ್ಟಿರಿ ಅಂತ ಇಂಗ್ಲಿಷಿನಲ್ಲಿ ಕೇಳಿ. ಅದಕ್ಕೆ ಉತ್ತರ ಕೊಡೋಕೆ ಮುಂದಿನ ವಾರ ಅವರು ತಾವಾಗಿಯೇ ಬರೆದುಕೊಂಡು ಬರುತ್ತಾರೆ. ನನ್ನ ಕ್ಲಾಸಿನಲ್ಲಿ ಹೋಂವರ್ಕ್ ತಪ್ಪಿಸುತ್ತಿದ್ದ ಹುಡುಗರು ದಾರಿಗೆ ಬಂದದ್ದು ಹೀಗೆಯೇ, ಬೈದಾಗ ಅಲ್ಲ.

ಮಗ ಹೌಸ್ ಅನ್ನೋದಕ್ಕೆ ಔಸ್ ಅಂತಾನೆ. ಕ್ಲಾಸಲ್ಲಿ ನಗ್ತಾರಂತೆ. ಈಗ ಎದ್ದು ನಿಂತು ಓದೋಕೇ ಒಪ್ಪಲ್ಲ.
– ಒಬ್ಬ ತಂದೆ, ಮಂಡ್ಯ ತಾಲ್ಲೂಕು

ಅಣ್ಣಾ, ನಮ್ಮ ಕಡೆ ಹಾಲಿಗೆ ಆಲು, ಹೂವಿಗೆ ಊವು ಅಂತ ಮಾತಾಡುವ ಮನೆಗಳು ಎಷ್ಟಿಲ್ಲ? ಅದು ಇಲ್ಲಿಯ ಮಾತಿನ ರೀತಿ, ದಡ್ಡತನ ಅಲ್ಲ. ಇದನ್ನು ಅವನಿಗೆ ಮೊದಲು ಹೇಳಿ. ಮನೆಯ ಮಾತನ್ನು ತಿದ್ದೋಕೆ ಹೋಗಬೇಡಿ. ಆದರೆ ಇಂಗ್ಲಿಷಿನಲ್ಲಿ ಆ 'ಹ' ಬಿಟ್ಟರೆ ಬೇರೆ ಪದವೇ ಆಗಿಬಿಡುತ್ತೆ: ಹೀಟ್ ಅಂದರೆ ಬಿಸಿ, ಈಟ್ ಅಂದರೆ ತಿನ್ನು. ಹಿಲ್ ಅಂದರೆ ಬೆಟ್ಟ, ಇಲ್ ಅಂದರೆ ಕಾಯಿಲೆ. ಇಂಥ ಜೋಡಿ ಐದು ಬರೆದುಕೊಂಡು ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಹೇಳಲಿ. 'ಹ' ಬಂದಾಗ ಕೈಗೆ ಬಿಸಿಯುಸಿರು ತಾಗುತ್ತೆ, ಬರದಿದ್ದರೆ ತಾಗಲ್ಲ. ಕಿವಿಗೆ ಗೊತ್ತಾಗದಿದ್ದರೂ ಕೈಗೆ ಗೊತ್ತಾಗುತ್ತೆ. ದಿನಕ್ಕೆ ಐದು ನಿಮಿಷ, ಮನೆಯಲ್ಲಿ, ಯಾರೂ ನಗದ ಕಡೆ.

ಒಂದು ಎಚ್ಚರಿಕೆ. ಭಯಕ್ಕೆ ಎಲ್ಲಾ ಕಡೆ 'ಹ' ಸೇರಿಸಿ ಎಗ್‌ಗೆ ಹೆಗ್ ಅನ್ನೋಕೆ ಶುರು ಮಾಡಬಹುದು, ಆಗಲೂ ಅದೇ ಅಂಗೈ. ಹಾಗೇ ಗಂಟೆ ಅನ್ನುವ ಅರ್ಥದ ಅವರ್, ಪ್ರಾಮಾಣಿಕ ಅನ್ನುವ ಅರ್ಥದ ಆನೆಸ್ಟ್, ಈ ಎರಡು ಪದಗಳ ಸ್ಪೆಲ್ಲಿಂಗನ್ನೂ ತೋರಿಸಿ. ಎರಡೂ ಶುರುವಾಗುವುದು ಹೆಚ್ ಅಕ್ಷರದಿಂದಲೇ, ಆದರೆ ಅಲ್ಲಿ ಇಂಗ್ಲಿಷಿನವರೂ ಆ 'ಹ' ಹೇಳುವುದಿಲ್ಲ.